ಮಟಾಡೋರಿನೊಳಗಿನ ಗಾದಿ

ಸುಲತಾನಾ ಗಾಡಿಯೊಳಗಿನ ಮಲಗುವ ಹಲಗೆಯ ಮೇಲೆ ಬದಿಯ ತಗಡಿಗೆ ಒತ್ತಿ ಮಲಗಿ ಬಲಗೈಯನ್ನು ಪೂರ್ತಿ ಚಾಚಿದಳು. ಹಲಗೆಯ ಅಂಚು ಬೆರಳ ತುದಿಗೆ ಆಗಷ್ಟೇ ಸಿಕ್ಕಿತು.

ಒಬ್ಬ ಗಂಡಸಿಗೆ ಇಷ್ಟು ಅಗಲ ಯಾಕೆ?

"ಏನ್ ನೋಡ್ಲಾಕತ್ತಿದಿ?"

ಧಡಕ್ಕನೆ ಎದ್ದಳು. ಮಟಾಡೋರ್ ವ್ಯಾನಿನ ಹಿಂಬಾಗಿಲಲ್ಲಿ ಅವಳ ಗಂಡ ಶಾಹನವಾಜ ನಿಂತಿದ್ದ. ಕೈಯಲ್ಲಿ ಸುಣ್ಣದ ಬಕೆಟ್ಟು, ಹುಬ್ಬಿನ ಮೇಲೂ ಸುಣ್ಣ. ಏನಿಲ್ಲವೆಂದು ಹೇಳಿ ಅವನನ್ನು ದಾಟಿ ಇಳಿದಳು. ಅವನು ದಾರಿ ಬಿಟ್ಟು ಸರಿದು ನಿಂತ. ಬೇಕಾದ್ದಕ್ಕಿಂತ ಹೆಚ್ಚೇ ಸರಿದ...

ಮುಟ್ಟಿದರೆ ಮೈಲಿಗೆಯೇನೋ ಎಂಬಂತೆ!

ಶಾಹನವಾಜ ಗಾದಿ ಮಾಡುವವನು. ಬೇಸಿಗೆ ಬಂತೆಂದರೆ ಹತ್ತಿ ಹಿಂಜುವ ಮಶೀನನ್ನು ಮಟಾಡೋರಿಗೆ ಹೇರಿಕೊಂಡು ತನ್ನೂರು ಸಂಖದಿಂದ ಹೊರಡುತ್ತಿದ್ದ. ಊರೂರಿನ ಬೇವಿನ ನೆರಳಲ್ಲಿ ಗಾಡಿ ನಿಲ್ಲಿಸಿ, ಜನರ ಹಳೆಯ ಗಾದಿ ಬಿಚ್ಚಿ, ಅರಳೆ ಹಿಂಜಿ, ಮತ್ತೆ ಹೊಲಿದುಕೊಡುವುದು. ಮಳೆ ಬೀಳುವವರೆಗೂ ಗಾಡಿಯೇ ಮನೆ. ಹೋದ ವರ್ಷದವರೆಗೆ ಮಶೀನಿನ ಪಕ್ಕ ಗೋಣಿಚೀಲ ಹಾಸಿ ಮಲಗುತ್ತಿದ್ದನಂತೆ.

ಈ ವರ್ಷ ಮಾತ್ರ ಗಾಡಿಗೆ ಸಿಂಗಾರವೋ ಸಿಂಗಾರ.

ಬಿಸಿಲು ಇಳಿಯದಿರಲೆಂದು ಛಾವಣಿಗೆ ಸುಣ್ಣ. ಅದರ ಕೆಳಗೆ ಒಳ್ಳೆಯ ಅರಳೆ ತುಂಬಿ ಒಳಛಾವಣಿಗೆ ಹಲಗೆ ಹೊಡೆದಿದ್ದ. ಒಂದು ಮಗ್ಗುಲಿನ ತಗಡು ಕತ್ತರಿಸಿ ಜಾಲರಿಯ ಕಿಟಕಿ ಇಟ್ಟು, ನೀರು ಚಿಮುಕಿಸಿದರೆ ತಂಪು ಸೂಸುವ ಲಾವಂಚದ ತಟ್ಟಿ ಕಟ್ಟಿದ್ದ. ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳಕ್ಕೆ ದಪ್ಪ ಗಾದಿ ಹೊಲಿದಿದ್ದ. ಪಕ್ಕ ಕೂತವರ ಕಾಲಿಗೆ ಕಾವು ತಾಗಬಾರದೆಂದು!

ಪಕ್ಕ ಕೂರುವವರು ಯಾರು?

ಮದುವೆಯಾದ ಹೊಸತರಲ್ಲಿ ಅದು ತನಗೇ ಎಂದು ಅವಳು ಒಳಗೊಳಗೇ ಹಿಗ್ಗಿದ್ದಳು. ಆದರೆ ಹೋದ ವಾರ ಅವನು, ಹೊರಡುವ ಮುನ್ನ ಸರಿ ಮಾಡುತ್ತೇನೆಂದು, ಅವರಿಬ್ಬರ ಗಾದಿಯನ್ನು ಅಂಗಳದಲ್ಲಿ ಬಿಚ್ಚಿದ್ದ. ಅಂದು ಸಂಜೆ ಊಟಕ್ಕೆ ಕೂತವನು ತಟ್ಟೆ ನೋಡುತ್ತಲೇ ಹೇಳಿದ. ಬೇಸಿಗೆ ಮುಗಿಯುವವರೆಗೆ ಅವಳು ಯಳವಿಗೆ, ತವರಿಗೆ ಹೋಗಿರುವುದು ಚಲೋ ಎಂದು.

ಅಷ್ಟೇ. ಕಾರಣವಿಲ್ಲ, ಜಗಳವಿಲ್ಲ. ಗಾಡಿಯ ಕೆಲಸ ಮಾತ್ರ ನಿಲ್ಲಲಿಲ್ಲ.

ಅತ್ತೆ ಕಾಸೀಂಬಿಯನ್ನು ಕೇಳುವಂತಿರಲಿಲ್ಲ. ಏನು ಹೇಳಿದರೂ "ತವರಮನಿ ಮಾಳಗಿ ನೆನಪಾತೇನವ್ವ?" ಎಂದು ಹಂಗಿಸುವ ಹೆಂಗಸು. ಪಕ್ಕದ ಮನೆಯ ದಾಕ್ಷಾಯಣಿಗೆ ಹೇಳಿಕೊಂಡಳು. ಗಾಡಿಯೊಳಗೆ ಕನ್ನಡಿಯೂ ಇದೆ ಎಂದಾಗ ದಾಕ್ಷಾಯಣಿ ಮೊರದಲ್ಲಿದ್ದ ಜೋಳವನ್ನು ಪಕ್ಕಕ್ಕಿಟ್ಟಳು.

"ಗಂಡಸು ಗಾಡ್ಯಾಗ ಕನ್ನಡಿ ಹಚ್ಚಿದಾಂದ್ರ, ಅದು ತನ್ನ ಮಾರಿ ನೋಡ್ಕೊಳ್ಳಾಕ ಅಲ್ಲವ್ವ ತಂಗಿ."

ಆಮೇಲೆ ತಮಾಷೆಗೆ ಅಂದೆ ಎಂದಳು. ಆದರೆ ಮಾತು ಹೊಕ್ಕು ಕೂತಿತ್ತು.

ಎಲ್ಲ ಊರಿಗಿಂತ ಡಫಳಾಪುರದಲ್ಲೇ ಅವನು ಹೆಚ್ಚು ದಿನ ಗಾಡಿ ನಿಲ್ಲಿಸುವುದು. ಯಾಕೆ? ಅಲ್ಲಿ ಯಾರಿದ್ದಾಳೆ? ಸುಲತಾನಾ ಮನಸ್ಸಿನಲ್ಲೇ ಅವಳಿಗೊಂದು ಮುಖ ಕಟ್ಟಿದಳು. ಬೆಳ್ಳಗಿನ ಮುಖ. ಕೈತುಂಬ ಹಸಿರು ಬಳೆ. ಎಂಜಿನ್ ಮುಚ್ಚಳದ ಗಾದಿಯ ಮೇಲೆ ಅವಳ ಕಾಲು...

ಮರುದಿನ ಮಧ್ಯಾಹ್ನ ಶಾಹನವಾಜ ಆ ಅಗಲದ ಹಲಗೆಗೆ ಪರದೆ ಕಟ್ಟುತ್ತಿದ್ದ. ಅವಳು ನೀರು ಕೊಡಲು ಹೋದಳು. ನೀಲಿ ಬಟ್ಟೆ, ಸಣ್ಣ ಸಣ್ಣ ಹೂವು.

ಚೊಂಬನ್ನು ಕೆಳಗಿಟ್ಟು, ಪರದೆಯನ್ನು ಹಿಡಿದು ಒಮ್ಮೆಲೇ ಎಳೆದಳು. ಕಂಬಿ ಸಮೇತ ಬಂತು.

"ಯಾರಿಗ್ರಿ ಇದೆಲ್ಲ?"

ಅವನು ಕಿತ್ತುಬಂದ ಕಂಬಿಯನ್ನೇ ನೋಡಿದ.

"ನಿನಗಂತ ಮಾಡಿದ್ದೆ."

"ನನಗ ಯಳವಿಗೆ ಹೋಗು ಅಂದ್ರಿ. ಹಾಂಗಿದ್ರ ಈಗ ಯಾರು ಬರ್ತಾರ?"

"ಯಾರೂ ಬರೂದಿಲ್ಲ. ಹಿಡದ ಕೆಲಸ, ಮುಗಸ್ಲಾಕತ್ತೀನಿ. ನಿನಗ ನಾ ಬ್ಯಾಡಾದವ. ಒತ್ತಾಯ ಮಾಡಿ ಕರ್ಕೊಂಡು ಹೋಗೂ ಪೈಕಿ ಅಲ್ಲ ನಾ."

"ಬ್ಯಾಡ ಅಂತ ನಾ ಯಾವಾಗ ಅಂದೆ?"

"ನೀ ಅನ್ಲಿಲ್ಲ. ಗಾದಿ ಅಂತು."

ಅವನು ಮುಖ ತಿರುಗಿಸಿಕೊಂಡೇ ಹೇಳಿದ. ಹದಿನಾಲ್ಕನೇ ವಯಸ್ಸಿನಿಂದ ಜನರ ಗಾದಿ ಬಿಚ್ಚಿದವನು ಅವನು. ಅರಳೆ ಎಲ್ಲಿ ಒತ್ತಿದೆ, ಎಲ್ಲಿ ಉಬ್ಬಿದೆ ಎಂದು ನೋಡಿದರೆ ಸಾಕು, ಯಾರು ಒಗ್ಗಟ್ಟಾಗಿದ್ದಾರೆ, ಯಾರು ಬೆನ್ನು ತಿರುಗಿಸಿ ಮಲಗುತ್ತಾರೆ ಎಂದು ತಿಳಿಯುತ್ತದೆ. ಯಾರಿಗೂ ಹೇಳುವುದಿಲ್ಲ, ಹಿಂಜಿ ಸರಿ ಮಾಡಿಕೊಡುತ್ತಾನೆ. ಹೋದ ವಾರ ತನ್ನದೇ ಗಾದಿ ಬಿಚ್ಚಿದ. ಅವಳ ಕಡೆ ಅರಳೆ ಒತ್ತಿದ್ದದ್ದು ಬಾಗಿಲ ಬದಿಯ ಅಂಚಿನಲ್ಲಿ ಮಾತ್ರ. ನಡುವೆ ಹೊಸ ಗಾದಿಯ ಹಾಗೆ ಉಬ್ಬಿಕೊಂಡಿತ್ತು.

"ಬೀಳೂಹಂಗ ಅಂಚಿಗೆ ಮಲಗೂ ಹೆಣ್ಣಮಗಳನ್ನ, ಇಂಥ ಇಕ್ಕಟ್ಟ ಗಾಡ್ಯಾಗ ಹ್ಯಾಂಗ ಇರು ಅನ್ಲಿ?"

ಸುಲತಾನಾ ಪರದೆಯನ್ನು ಮುದ್ದೆ ಮಾಡಿ ಎದೆಗೆ ಒತ್ತಿಕೊಂಡಳು. ನಗು ಬಂತು... ನಗುವಿನ ಹಿಂದೆಯೇ ಅಳುವೂ ಬಂತು.

"ಶಕಿ ರೀ," ಎಂದಳು.

"ಏನು?"

"ಮೈಯೆಲ್ಲ ಬೆವತು ಶಕಿ ಆಗ್ತಿತ್ರಿ ನನಗ. ನಮ್ಮದು ಮಣ್ಣಿನ ಮಾಳಗಿ, ತಣ್ಣಗ ಇರ್ತದ. ನಿಮ್ಮ ತಗಡಿನ ಪತ್ರಾದ ಮನ್ಯಾಗ ಹೆಂಚಿನ ಮ್ಯಾಲಿನ ರೊಟ್ಟಿ ಆಗಿದ್ದೆ. ಬಾಗಲದ ಸಂದ್ಯಾಗ ಒಂದೀಟು ಗಾಳಿ ಬರ್ತದ. ಅದಕ್ಕ ಅಂಚಿಗೆ ಹೋಗ್ತಿದ್ದೆ."

"ಹೇಳಬಾರದೇನು?"

"ಅತ್ತಿ ಕಿವಿಗೆ ಬೀಳ್ತಿತ್ತು. ಹೊಸ ಸೊಸಿ, ಶಕಿ ಅಂದ್ರ ಏನಂತಿದ್ರು ನಿಮಗ ಗೊತ್ತೈತಿ." ಮೂಗು ಒರೆಸಿಕೊಂಡಳು. "ಅರಳಿ ಓದಾಕ ಬರ್ತದ ನಿಮಗ. ಹೇಣ್ತಿನ್ನ ಒಂದು ಮಾತು ಕೇಳಾಕ ಬರೂದಿಲ್ಲೇನು?"

ಅವನು ಹಲಗೆಯ ಮೇಲೆ ಕುಸಿದು ಕೂತ. ಯಾರು ಬರುತ್ತಾರೆಂದು ಅವಳು ಅಂದುಕೊಂಡಿದ್ದಳೆಂದು ಕೇಳಿದ. ಡಫಳಾಪುರದವಳು ಎಂದಳು. ಡಫಳಾಪುರದವಳು ಯಾರು ಎಂದ ಅವನು.

"ನನಗೇನ ಗೊತ್ತು? ಮನಸಿನಾಗ ಅಕಿ ಜೋಡಿ ಜಗಳ ಆಡಿ ಆಡಿ ಸಾಕಾಗ್ಯದ. ಅಷ್ಟು ದಿನ ಯಾಕ ಇರ್ತೀರಿ ಅಲ್ಲಿ?"

"ಅಲ್ಲಿ ಬೇವಿನ ನೆಳ್ಳು ದಟ್ಟ ಐತಿ. ಅಷ್ಟ."

ಅವಳು ಅವನ ಕಣ್ಣನ್ನೇ ದಿಟ್ಟಿಸಿದಳು. ಸುಳ್ಳಿದ್ದರೆ ಸಿಗಲೆಂದು ಹುಡುಕಿದಳು. ಹುಬ್ಬಿನ ಮೇಲೆ ಒಣಗಿದ ಸುಣ್ಣವಷ್ಟೇ ಸಿಕ್ಕಿತು. ಸೆರಗಿನಿಂದ ಅದನ್ನು ಒರೆಸಿದಳು. ಈ ಸಲ ಅವನು ಸರಿಯಲಿಲ್ಲ.

ಮೆಲ್ಲಗೆ ಕೇಳಿದ.

"ಬರ್ತಿ ಹೌದಿಲ್ಲೋ?"

"ಬರ್ತೀನಿ."

ಅವನು ಹುರುಪಿನಿಂದ ಎದ್ದು ಎದುರಿನ ಮಗ್ಗುಲನ್ನು ಗೇಣಿನಿಂದ ಅಳೆಯತೊಡಗಿದ.

"ಮಶೀನ್ ಆಕಡೆ ಸರಿಸಿದ್ರ ಇಲ್ಲಿ ಇನ್ನೊಂದು ಹಲಗಿ ಕುಂದ್ರತದ. ಅದಕ್ಕ ಬ್ಯಾರೆ ಗಾದಿ ಮಾಡ್ತೀನಿ. ನೀ ಒಬ್ಬಾಕೇ ಕೈಕಾಲು ಚಾಚಿ ತಂಪಾಗಿ ಮಲಕೋ."

"ಒಲ್ಲೆ," ಎಂದಳು ಸುಲತಾನಾ, ಅಗಲದ ಹಲಗೆಯ ಮೇಲೆ ಕೈಯಿಟ್ಟು.