ಅಗ್ಗದ ಬೆಳ್ಳಿ

ಸೋಲ್ಡರಿಂಗ್ ಐರನ್ ನನ್ನ ಎಡಗಣ್ಣಿಗೆ ಎರಡಂಗುಲ ದೂರದಲ್ಲಿತ್ತು.

ಐರನ್ ನನ್ನದೇ. ಅಂಗಡಿಯೂ ನನ್ನದೇ. ಹಿಡಿದ ಕೈ ಮಾತ್ರ ಜಯರಾಮಯ್ಯನದು!

ಅವನ ಇನ್ನೊಂದು ಕೈಯಲ್ಲಿ ಮಚ್ಚು. ಅದರ ಅಲಗು ನನ್ನ ಕತ್ತಿನ ಮೇಲೆ. ಷಟರ್ ಒಳಗಿನಿಂದ ಎಳೆದುಬಿಟ್ಟಿದ್ದ. ಅಂಗಡಿಗೆ ಕಿಟಕಿ ಇಲ್ಲ. ನಲವತ್ತು ವ್ಯಾಟಿನ ಒಂದು ಬಲ್ಬು, ಅಷ್ಟೇ.

"ಕಣ್ಣು ಎಲ್ಲಿ, ಅಡವಯ್ಯ?"

"ಎದುರಿಗೇ ಇವೆಯಲ್ಲ. ಸದ್ಯಕ್ಕೆ ಎರಡೂ ಇವೆ."

"ಹಲ್ಲು ಕಿರೀಬೇಡ! ದೇವರ ಕಣ್ಣು ಕೇಳ್ತಿರೋದು. ಬೆಳ್ಳಿ ಕಣ್ಣು. ಆಚಾರಿ ನಿನ್ನ ಕೈಗೆ ಕೊಟ್ಟನಲ್ಲ, ಅವು."

ಓರೆಗಣ್ಣಲ್ಲಿ ಗೋಡೆ ಗಡಿಯಾರ ನೋಡಿದೆ. ಹನ್ನೊಂದಕ್ಕೆ ಐದು ನಿಮಿಷ.

ಎಂಬತ್ತಮೂರರ ಬೇಸಿಗೆ, ಸಾರ್. ಮಧುಗಿರಿಯಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಕರೆಂಟ್ ಹೋದರೆ ಬರುತ್ತಿದ್ದುದು ಎರಡು ಗಂಟೆಗೆ. ರೇಡಿಯೋ ರಿಪೇರಿ ಮಾಡುವವನಿಗೆ ಇದು ಬಾಯಿಪಾಠ. ಜಯರಾಮಯ್ಯ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುವ ರೈಟರ್. ಅವರದು ಸ್ವಂತ ಡೀಸೆಲ್ ಎಂಜಿನ್. ಹನ್ನೊಂದು ಗಂಟೆ ಅವನ ತಲೆಯಲ್ಲೇ ಇರಲಿಲ್ಲ.

ಐದು ನಿಮಿಷ ಮಾತಾಡಿಸಬೇಕು... ಅಷ್ಟು ಸಾಕು!

ಅಷ್ಟರಲ್ಲಿ ನಿಮಗೆ ವಿಷಯ ಹೇಳಿಬಿಡುತ್ತೇನೆ.

ನಾನು ಎಂಟು ವರ್ಷ ಪೊಲೀಸ್ ವೈರ್‌ಲೆಸ್‌ನಲ್ಲಿದ್ದವನು. ಮೇಲಿನವರ ಜೊತೆ ಜಗಳವಾಡಿ ಕೆಲಸ ಬಿಟ್ಟೆ. ಬಸ್ ಸ್ಟ್ಯಾಂಡ್ ಹಿಂದೆ ಅಂಗಡಿ ಇಟ್ಟೆ. ಬೋರ್ಡಿನಲ್ಲಿ ರೇಡಿಯೋ ರಿಪೇರಿ ಅಂತಿತ್ತು. ಬೋರ್ಡಿನಲ್ಲಿ ಇಲ್ಲದ ಇನ್ನೊಂದು ಕಸುಬೂ ಇತ್ತು. ಕಳೆದುಹೋದದ್ದನ್ನು ಹುಡುಕಿಕೊಡುವುದು. ಎಮ್ಮೆ, ಪಂಪ್‌ಸೆಟ್ಟು, ಓಡಿಹೋದ ಅಳಿಯ... ಯಾವುದಾದರೂ ಸರಿ.

ಎಣ್ಣೆ ಮಿಲ್ಲಿನ ಮಹಾಲಿಂಗಯ್ಯನವರಿಗೆ ಅವರ ಭಾಮೈದ ಸಿಂಗಾಪುರದಿಂದ ಸ್ಟೀರಿಯೋ ಸೆಟ್ ತಂದುಕೊಟ್ಟಿದ್ದ. ಆಂಪ್ಲಿಫೈಯರ್, ಕ್ಯಾಸೆಟ್ ಡೆಕ್, ಎದೆಯೆತ್ತರದ ಎರಡು ಸ್ಪೀಕರ್. ಜೊತೆಗೆ ಒಂದು ಹುಳವನ್ನೂ ಕಿವಿಗೆ ಬಿಟ್ಟು ಹೋಗಿದ್ದ. ಸ್ಪೀಕರಿಗೆ ಬೆಳ್ಳಿ ತಂತಿ ಹಾಕಿದರೆ ಹಾಡಿನ ಗತ್ತೇ ಬೇರೆ ಅಂತೆ!

ನನ್ನನ್ನು ಕರೆಸಿದರು. "ಯಾವ ತಂತಿ ತಗೊಳ್ಳೋದು, ಹೇಳು."

ಹೇಳಿದೆ. "ಬೊಂಬಾಯಿಯಿಂದ ರೆಡಿಮೇಡ್ ತರಿಸಿದರೆ ಗಜಕ್ಕೆ ಮುನ್ನೂರು ಆಗುತ್ತೆ. ಬೆಂಗಳೂರಿನ ಹಳೇ ಸಾಮಾನಿನ ಪೇಟೇಲಿ ಮಿಲಿಟರಿಯವರು ಬಿಟ್ಟ ತಂತಿ ಸಿಗುತ್ತೆ. ತಾಮ್ರದ ಮೇಲೆ ಬೆಳ್ಳಿ ಮುಲಾಮು, ಬರೀ ಲೇಪ. ಗಜಕ್ಕೆ ಹನ್ನೆರಡು. ಅದೇ ಧಾರಾಳ ಸಾಕು. ನನ್ನ ಕೇಳಿದರೆ ಎರಡು ರೂಪಾಯಿಯ ತಾಮ್ರವೂ ಸಾಕು."

"ಮುಲಾಮು ಬೇಡ ಕಣಯ್ಯ. ಅಸಲಿ ಬೇಕು. ಅಗ್ಗಕ್ಕೂ ಬೇಕು."

ಆಗ ಬಾಯಿ ಮುಚ್ಚಿಕೊಂಡು ಎದ್ದು ಬರಬೇಕಿತ್ತು. ಬರಲಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನನಗೆ ಮಾತೂ ಬರುತ್ತಿತ್ತು, ಸಲಹೆ ಕೊಡುವ ಚಟವೂ ಇತ್ತು.

"ಮನೆಯಲ್ಲಿ ಹಳೇ ಬೆಳ್ಳಿ ಇದ್ದರೆ ಕೊಡಿ. ಶಿರಾದಲ್ಲಿ ಕಾಳಾಚಾರಿ ಅಂತ ಇದ್ದಾನೆ. ಕರಗಿಸಿ ತಂತಿ ಎಳೆದುಕೊಡ್ತಾನೆ. ಕೂಲಿ ಅಷ್ಟೇ ಖರ್ಚು. ಇಪ್ಪತ್ತು ತೊಲ ಸಾಕು."

"ಮನೆ ಬೆಳ್ಳಿ ಮುಟ್ಟಿದರೆ ನನ್ನ ಹೆಂಡ್ತಿ ನನ್ನನ್ನೇ ಕರಗಿಸ್ತಾಳೆ." ಮಹಾಲಿಂಗಯ್ಯ ನಕ್ಕರು. ಬಾಗಿಲ ಹತ್ತಿರ ನಿಂತಿದ್ದ ರೈಟರ್ ಕಡೆ ತಿರುಗಿದರು. "ಜಯರಾಮ, ಎಲ್ಲಾದರೂ ಅಗ್ಗದ ಬೆಳ್ಳಿ ನೋಡು. ಎಲ್ಲಿಂದ ತಂದೆ ಅಂತ ಮಾತ್ರ ನನಗೆ ಹೇಳಬೇಡ."

ಹತ್ತು ದಿನಕ್ಕೆ ತಂತಿ ಬಂತು. ಥಳಥಳ ಹೊಳೆಯುತ್ತಿತ್ತು. ಹತ್ತಿಯ ಕೊಳವೆ ತೊಡಿಸಿ, ಗೋಡೆಯುದ್ದಕ್ಕೂ ಎಳೆದು, ಎರಡೂ ಸ್ಪೀಕರಿಗೆ ಜೋಡಿಸಿದ್ದು ಈ ಕೈಗಳೇ, ಸಾರ್.

ಅದಾದ ಮೂರನೇ ದಿನ ಗಿರಿಯಮ್ಮ ಬಂದಳು. ಅರವತ್ತರ ಮೇಲಿನ ಹೆಂಗಸು. ಕೊಳಾಲದ ಆಚೆ ಇರುವ ಗೊಲ್ಲರಹಟ್ಟಿಯವಳು. ಹೆಗಲ ಮೇಲೆ ಕಂಬಳಿ. ಅಂಗಡಿ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಕಳ್ದೋದ್ದ ಹುಡುಕ್ಕೊಡ್ತೀಯಂತಲ್ಲ ಸ್ವಾಮಿ?"

"ಏನು ಕಳೆದಿದೆ, ಅಮ್ಮ?"

"ದೇವ್ರ ಮುಖ. ನಮ್ ಹಟ್ಟಿ ದೇವ್ರ ಬೆಳ್ಳಿ ಮುಖ. ನನ್ ಗಂಡ ಹುಚ್ಚಣ್ಣನೇ ಪೂಜಾರಿ. ಬೀಗದ ಕೈ ಅವ್ನ ತಾವೇ ಇತ್ತು. ಅವ್ನೇ ಕದ್ದವ್ನೆ ಅಂತವ್ರೆ ಎಲ್ರೂ. ಅಂದ್ಕೊಳ್ಳಲಿ ಬುಡು. ನಂಗೆ ಅದಲ್ಲ ಚಿಂತೆ..."

"ಮತ್ತೆ?"

"ದೇವ್ರ ಕಣ್ ನೋಡ್ದೆ ಅವ್ನು ತುತ್ ಮುಟ್ಟಲ್ಲ ಕಣಪ್ಪ. ಮೂವತ್ ವರ್ಸದಿಂದ ಇಂಗೇ. ಬೆಳಗಾನ ಎದ್ದು, ನೀರ್ ಹುಯ್ಕಂಡು, ದೇವ್ರ ಕಣ್ಣ ತೊಳ್ದು, ಕಣ್ಣಾಗ್ ಕಣ್ಣಿಟ್ ನೋಡಿ, ಆಮೇಲೇ ಅಂಬಲಿ. ಈಗ ಕಣ್ಣಿಲ್ಲ. ಏಳ್ ದಿನ ಆಯ್ತು. ಬರೀ ನೀರು. ಎಪ್ಪತ್ ವರ್ಸದ ಮುದ್ಕ, ಹೆಂಗ್ ತಡೀತಾನೆ ಹೇಳು!"

ಅವಳು ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

"ಮುಖ ಎಷ್ಟು ತೂಕ ಇತ್ತಮ್ಮ?"

"ಕಣ್ಣೂ ಸೇರಿ ಇಪ್ಪತ್ತೆರಡ್ ತೊಲ. ಸಿರಾದಾಗ್ ಮಾಡ್ಸಿದ್ದು."

ಇಪ್ಪತ್ತೆರಡು ತೊಲ ಕಳೆದಿದೆ. ಇಪ್ಪತ್ತು ತೊಲ ತಂತಿ ಬಂದಿದೆ. ಎರಡೂ ಒಂದೇ ವಾರದಲ್ಲಿ!

ಯೆಜ್ಡಿ ಬೈಕ್ ಏರಿ ಆಗಲೇ ಶಿರಾಕ್ಕೆ ಹೊರಟೆ. ರಾತ್ರಿ ಕಾಳಾಚಾರಿ ಸಿಗಲಿಲ್ಲ. ಮರುದಿನ ಮಧ್ಯಾಹ್ನ ಸಿಕ್ಕ. ಕುಲುಮೆ ಮುಂದೆ ಕೂತಿದ್ದ. ನನ್ನ ಮುಖ ನೋಡಿದವನೇ ಊದುಕೊಳವೆ ಕೆಳಗಿಟ್ಟ.

"ಆಚಾರ್ರೇ, ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತಾರೆ. ಎರಡು ತೊಲ ಎಲ್ಲಿ?"

"ಕದ್ದೋನಲ್ಲ ಕಣಯ್ಯ ನಾನು!" ಮುದುಕ ಎದ್ದು ನಿಂತ. "ಜಯರಾಮಯ್ಯ ಮಚ್ಚು ತಂದು ಮುಂದೆ ಇಟ್ಟ. ಕರಗ್ಸು ಅಂದ. ಮುಖ ಕರಗ್ಸಿದೆ. ಪಾಪಿ ನಾನು. ಆದ್ರೆ ಕಣ್ಣು... ಮೂವತ್ತು ವರ್ಷದ ಹಿಂದೆ ಆ ಮುಖ ಮಾಡಿ ಕಣ್ಣು ಬಿಡಿಸಿದ್ದು ಈ ಕೈಯೇ. ಕಣ್ಣು ಬಿಡಿಸಿದ ಕೈ ಅದನ್ನೇ ಕುಲುಮೆಗೆ ಹಾಕಬಾರದು. ನಮ್ಮಪ್ಪ ಹೇಳಿಕೊಟ್ಟ ಮೊದಲ ಪಾಠ ಅದು."

ದೀಪದ ಕಂಬದ ಕೆಳಗಿಂದ ಒಂದು ಬಟ್ಟೆಗಂಟು ತೆಗೆದ. ಬಿಚ್ಚಿದ.

ಬಾದಾಮಿ ಗಾತ್ರದ ಎರಡು ಬೆಳ್ಳಿ ಕಣ್ಣು. ತೊಳೆದೂ ತೊಳೆದೂ ಸವೆದು ನುಣ್ಣಗಾಗಿದ್ದವು. ನನ್ನನ್ನೇ ನೋಡುತ್ತಿದ್ದವು.

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ಸರಿಯಾಗಿ ಕೇಳಿಸಿಕೊಳ್ಳಿ, ಸಾರ್. ಆಮೇಲೆ ಬೈಯಬೇಕಾದರೆ ಅನುಕೂಲವಾಗುತ್ತದೆ.

ಶಿರಾದಿಂದ ನೆಟ್ಟಗೆ ಹಟ್ಟಿಗೆ ಹೋಗಬೇಕಿತ್ತು. ಹೋಗಲಿಲ್ಲ. ಎರಡು ತೊಲ ಹಿಡಿದುಕೊಂಡು ಹೋಗಿ ಏನು ಹೇಳಲಿ ಅನ್ನಿಸಿತು. ಪೂರ್ತಿ ಇಪ್ಪತ್ತೆರಡು ಕೊಟ್ಟರೆ ತಾನೇ ಕೆಲಸ ಮುಗಿದಂತೆ? ನಾನು ಬೆಳ್ಳಿ ತೂಗುತ್ತಿದ್ದೆ. ಹುಚ್ಚಣ್ಣನಿಗೆ ಬೇಕಿದ್ದುದು ಬೆಳ್ಳಿಯಲ್ಲ, ಕಣ್ಣು. ಗಿರಿಯಮ್ಮ ಬಿಡಿಸಿ ಹೇಳಿದ್ದಳು. ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ.

ಮಿಲ್ಲಿಗೆ ಹೋಗಿ ಜಯರಾಮಯ್ಯನನ್ನು ಪಕ್ಕಕ್ಕೆ ಕರೆದೆ. "ಕಣ್ಣು ನನ್ನ ಹತ್ತಿರ ಇವೆ. ಆಚಾರಿ ಬಾಯಿ ಬಿಟ್ಟಿದ್ದಾನೆ. ನಾಳೆ ಬೆಳಗ್ಗೆ ತಂತಿ ತಂದುಕೊಡು. ಗಲಾಟೆ ಇಲ್ಲದೆ ಮುಗಿಸೋಣ."

"ಆಗಲಿ ಅಡವಯ್ಯ," ಅಂದ. ತಲೆ ತಗ್ಗಿಸಿ ಅಂದ. ನಾನು ನಂಬಿದೆ!

ಬೆಳಗ್ಗೆ ಬಂದ. ತಂತಿ ತರಲಿಲ್ಲ. ಮಚ್ಚು ತಂದ.

"ಕೊನೇ ಸಲ ಕೇಳ್ತೀನಿ." ಐರನ್ ಒಂದಂಗುಲಕ್ಕೆ ಬಂತು. ರೆಪ್ಪೆ ಕೂದಲು ಸುಟ್ಟ ವಾಸನೆ. "ಕಣ್ಣು ಎಲ್ಲಿ?"

"ಹೇಳ್ತೀನಿ... ಹೇಳ್ತೀನಿ ಮಾರಾಯ. ಅವಿಲ್ಲದಿದ್ದರೆ ನಿನಗೇನು ನಷ್ಟ?"

"ಅವು ಸಿಕ್ಕರೆ ಸಾಕ್ಷಿ. ಇಲ್ಲದಿದ್ದರೆ ತಂತಿ ಬರೀ ತಂತಿ."

"ಬುದ್ಧಿವಂತ."

"ನೀನೂ ಆಗು."

ಬಲ್ಬು ಒಮ್ಮೆ ಮಿಣುಕಿತು.

ಕತ್ತಲು!

ಕತ್ತು ಎಳೆದುಕೊಂಡೆ. ಐರನ್ ಕೆನ್ನೆ ಸವರಿಕೊಂಡು ಹೋಯಿತು. ಚುರ್ ಅಂದಿತು. ಕಿರುಚಲಿಲ್ಲ. ಮೊಣಕಾಲನ್ನು ಅವನ ತೊಡೆಸಂದಿಗೆ ಕೊಟ್ಟೆ. "ಅಮ್ಮಾ!" ಅಂದ. ಮಚ್ಚು ಬೆಂಚಿಗೆ ಕಚ್ಚಿತು.

ಆ ಅಂಗಡಿಯಲ್ಲಿ ನನಗೆ ಬೆಳಕು ಬೇಡ. ಎರಡನೇ ಹಲಗೆ, ಎಡಗಡೆಯಿಂದ ಮೂರನೆಯದು, ಚರ್ಮದ ಚೀಲದ ಟ್ರಾನ್ಸಿಸ್ಟರ್. ಅದರ ಸೆಲ್ ಹಾಕುವ ಜಾಗದಲ್ಲಿ ಸೆಲ್ ಇರಲಿಲ್ಲ. ಕಣ್ಣುಗಳಿದ್ದವು. ಹೆಗಲಿಗೆ ಹಾಕಿಕೊಂಡೆ. ಹಿಂದಿನ ಬಾಗಿಲು ಒದ್ದು ಹೊರಗೆ ಬಿದ್ದೆ.

ಒಂದೇ ಕಿಕ್‌ಗೆ ಯೆಜ್ಡಿ ಹತ್ತಿಕೊಂಡಿತು. ಬೆನ್ನ ಹಿಂದೆಯೇ ಜಯರಾಮಯ್ಯ ತಂದಿದ್ದ ಮಿಲ್ಲಿನ ಜೀಪಿನ ಸದ್ದು.

ಕೊರಟಗೆರೆ ರಸ್ತೆ. ಬಿಸಿಲು. ಕೆನ್ನೆ ಉರಿಯುತ್ತಿತ್ತು. ಕನ್ನಡಿಯಲ್ಲಿ ಜೀಪು ದೊಡ್ಡದಾಗುತ್ತಲೇ ಇತ್ತು. ಎದುರಿಗೆ ಒಂದು ಲಾರಿ! ಎಡಕ್ಕೆ ಎಳೆದೆ. ಜಲ್ಲಿಕಲ್ಲಿನ ಮೇಲೆ ಗಾಡಿ ಜಾರಿತು, ನಿಂತಿತು, ಮತ್ತೆ ಓಡಿತು. ಕೊರಟಗೆರೆ ಪೇಟೆಯಲ್ಲಿ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. "ಯಾವನ್ಲಾ ಅವ್ನು!" ಅಂತ ಯಾರೋ ಬೈದರು. ಬೈಯಲಿ. ಒಂಬತ್ತನೇ ದಿನ ಅದು. ತಲೆಯಲ್ಲಿ ಅದೊಂದೇ ಓಡುತ್ತಿತ್ತು... ಒಂಬತ್ತನೇ ದಿನ!

ಕೊಳಾಲ ದಾಟಿ ಬಂಡಿಜಾಡಿಗೆ ಇಳಿದೆ. ಹಟ್ಟಿಯ ಬೇಲಿ ಕಂಡಿತು. ಅದಕ್ಕೂ ಮೊದಲು ಕುರಿಮಂದೆ. ಕೋಲು ಊರಿಕೊಂಡು ಮೂವರು ನಿಂತಿದ್ದರು. ಮುಂದಿನವನು ಕಾಟಪ್ಪ. ಗಿರಿಯಮ್ಮನ ತಮ್ಮ ಅಂತ ಆಮೇಲೆ ಗೊತ್ತಾಯಿತು.

"ನಿಮ್ಮ ದೇವರ ಕಣ್ಣು ತಂದಿದ್ದೀನಿ!" ಕೂಗಿದೆ. "ಹಿಂದೆ ಬರ್ತಿರೋನೇ ಕದ್ದವನು! ಜೀಪು ಬಿಡಬೇಡಿ!"

ಕಾಟಪ್ಪ ಕೋಲು ಎತ್ತಿದ. ನಾಲಿಗೆ ಮಡಿಸಿ ಒಂದು ಸಿಳ್ಳೆ ಹಾಕಿದ. ನಾನು ದಾಟಿದೆ. ಬೆನ್ನ ಹಿಂದೆ ಮುನ್ನೂರು ಕುರಿ ಜಾಡಿಗೆ ಅಡ್ಡ ನಿಂತವು.

ಜಯರಾಮಯ್ಯ ಅಲ್ಲೇ ನಿಲ್ಲಿಸಿದ್ದರೆ ಬಾಯಿಮಾತಲ್ಲಿ ಬಚಾವಾಗುತ್ತಿದ್ದನೋ ಏನೋ. ನಿಲ್ಲಿಸಲಿಲ್ಲ. ಕುರಿಗಳ ಮೇಲೆ ಜೀಪು ಹತ್ತಿಸಿದ. ಕುರಿ ಕಾಯುವವರ ಮುಂದೆ! ಎರಡು ಸತ್ತವು. ಮೂರನೆಯದು ಚಕ್ರಕ್ಕೆ ಸಿಕ್ಕಿಕೊಂಡಿತು. ಜೀಪು ನಿಂತಿತು. ಆಮೇಲೆ ಕೋಲುಗಳ ಸದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

ಹಟ್ಟಿ ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಓಡಿದೆ.

ಹುಚ್ಚಣ್ಣ ಗುಡಿಯ ಮುಂದಿನ ಚಪ್ಪರದಲ್ಲಿ ಕಂಬಳಿ ಮೇಲೆ ಮಲಗಿದ್ದ. ಮೈಯಲ್ಲಿ ಮೂಳೆ ಬಿಟ್ಟು ಏನೂ ಇರಲಿಲ್ಲ. ಪಕ್ಕದಲ್ಲಿ ಗಿರಿಯಮ್ಮ, ಕೈಯಲ್ಲಿ ಹಾಲಿನ ಬಟ್ಟಲು.

"ತಂದ್ಯಾ ಸ್ವಾಮಿ?"

ರೇಡಿಯೋ ಹಿಂಬದಿ ಕಿತ್ತೆ. ಕಣ್ಣುಗಳನ್ನು ಅಂಗೈ ಮೇಲಿಟ್ಟು ಅವನ ಮುಖದ ಹತ್ತಿರ ಹಿಡಿದೆ.

"ನೋಡಪ್ಪ ಹುಚ್ಚಣ್ಣ. ನಿನ್ನ ದೇವರ ಕಣ್ಣು."

ರೆಪ್ಪೆ ತೆರೆಯಿತು. ನೋಡಿದ. ತುಂಬಾ ಹೊತ್ತು ನೋಡಿದ. ಬೆರಳೆತ್ತಿ ಒಂದನ್ನು ಮುಟ್ಟಿದ, ದಿನಾ ತೊಳೆಯುವ ಹಾಗೆ ಒರೆಸಿದ.

"ಅವೇ... ಅವೇ ಕಣೇ," ಅಂದ.

ಗಿರಿಯಮ್ಮ ಬಟ್ಟಲು ತುಟಿಗಿಟ್ಟಳು. "ಈಗ್ಲಾರ ಕುಡಿಯೋ. ನೋಡಿದ್ಯಲ್ಲ. ಕುಡಿ, ನನ್ನಪ್ಪ..."

ಬಾಯಿ ತೆರೆದ. ಹಾಲು ಒಳಗೆ ಹೋಗಲಿಲ್ಲ. ಕಟಬಾಯಿಂದ ಇಳಿದು ಕಂಬಳಿಗೆ ಹೋಯಿತು. ಅವಳು ಮತ್ತೆ ಹಾಕಿದಳು. ಮತ್ತೆ ಇಳಿಯಿತು. ಮೂರನೇ ಸಲ ನಾನೇ ಅವಳ ಕೈ ಹಿಡಿದೆ.

"ನಿನ್ನೆ ಸಂಜೆ ಗಂಜಿ ವಾಸ್ನೆಗೆ ಬಾಯಿ ಚಪ್ಪರಿಸ್ತಿದ್ದ ಕಣಪ್ಪ," ಅಂದಳು. "ನಿನ್ನೆ."

ಅವಳು ನನ್ನನ್ನು ಬೈಯಲಿಲ್ಲ. ನಿನ್ನೆ ಸಂಜೆ ಕಣ್ಣು ನನ್ನ ಜೇಬಿನಲ್ಲಿದ್ದವು ಅಂತ ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಮೊದಲು ಹೇಳುತ್ತಿರುವುದು ನಿಮಗೇ.

ಹುಚ್ಚಣ್ಣನನ್ನು ಕಳ್ಳ ಅಂದವರೆಲ್ಲ ಸಂಜೆ ಅವನ ಚಟ್ಟಕ್ಕೆ ಹೆಗಲು ಕೊಟ್ಟರು. ಕಾಲು ಮುರಿದ ಜಯರಾಮಯ್ಯನನ್ನು ಜೀಪಿಗೇ ಕಟ್ಟಿಹಾಕಿ ಪೊಲೀಸರಿಗೆ ಹೇಳಿ ಕಳಿಸಿದ್ದರು.

ಹೊರಡುವಾಗ ಗಿರಿಯಮ್ಮ ಒಂದೇ ಮಾತು ಹೇಳಿದಳು. "ಮುಖಾನೂ ತಂದ್ಬುಡಪ್ಪ. ಬರೀ ಕಣ್ಣು ಅಂಗೇ ಬಿದ್ದವೆ."

ಮರುದಿನ ಬೆಳಗ್ಗೆ ಮಹಾಲಿಂಗಯ್ಯನವರ ಮನೆಗೆ ಹೋದೆ. ಸುದ್ದಿ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ.

"ಸೆಟ್ ಸರ್ವೀಸ್ ಮಾಡಬೇಕು ಸಾರ್. ಹತ್ತು ನಿಮಿಷ."

"ಮಾಡು, ಮಾಡು. ಕೆನ್ನೆಗೇನಾಯ್ತು?"

"ಸೋಲ್ಡರಿಂಗ್ ಐರನ್."

ಅವರು ಸ್ನಾನಕ್ಕೆ ಹೋದರು. ಬೆಳ್ಳಿ ತಂತಿಯನ್ನು ಗೋಡೆಯಿಂದ ಕಿತ್ತು ಷರ್ಟಿನೊಳಗೆ ಸೊಂಟಕ್ಕೆ ಸುತ್ತಿಕೊಂಡೆ. ಇಪ್ಪತ್ತು ತೊಲ. ತಣ್ಣಗಿತ್ತು. ಅದೇ ಹತ್ತಿ ಕೊಳವೆಯೊಳಗೆ ಗಜಕ್ಕೆ ಎರಡು ರೂಪಾಯಿಯ ತಾಮ್ರ ತೂರಿಸಿದೆ.

ಮಹಾಲಿಂಗಯ್ಯ ವಿಭೂತಿ ಹಚ್ಚಿಕೊಂಡು ಬಂದು ಸೋಫಾದಲ್ಲಿ ಕೂತರು. ಕ್ಯಾಸೆಟ್ ಹಾಕಿದೆ. ಕಣ್ಣು ಮುಚ್ಚಿ, ತಲೆದೂಗುತ್ತಾ, ಒಂದು ಹಾಡು ಪೂರ್ತಿ ಕೇಳಿದರು.

"ಆಹಾ! ಏನೇ ಅನ್ನು ಅಡವಯ್ಯ, ಬೆಳ್ಳಿ ಅಂದರೆ ಬೆಳ್ಳಿನೇ!"

ಬೆಳ್ಳಿ ಇಲ್ಲ ಅಂತ ಗೊತ್ತಾಗುತ್ತಿದ್ದುದು ಈ ಸೀಮೆಯಲ್ಲಿ ಒಬ್ಬನಿಗೇ, ಸಾರ್... ಅವನನ್ನು ಹಿಂದಿನ ದಿನವಷ್ಟೇ ಮಣ್ಣು ಮಾಡಿದ್ದೆವು.