ದೇವರ ಮೂಲೆಯ ಕಪ್ಪು ಚೌಕ

“ಸ್ಲೈಡ್ ಸಿಕ್ಕಿಹಾಕ್ಕೊಂಡಿದೆ, ಒಂದ್ನಿಮಿಷ!” ಎಂದು ಸಭೆಗೆಲ್ಲ ಕೇಳುವಂತೆ ಕೂಗಿ ಬದರಿನಾಥ ಪ್ರೊಜೆಕ್ಟರನ್ನು ಎರಡು ಬಾರಿ ತಟ್ಟಿದ.

ಪರದೆಯ ಮೇಲೆ ಬಿಳಿ ಅಂಚಿನ ಒಂದು ಕಪ್ಪು ಚೌಕವಿತ್ತು, ಅಷ್ಟೇ.

“ಸಿಕ್ಕಿಕೊಂಡಿಲ್ಲ. ಚಿತ್ರಾನೇ ಅದು,” ಎಂದಳು ಅಹಲ್ಯಾ. ತುಟಿ ಕಚ್ಚಿ ನಗು ತಡೆದಳು. ಕಣ್ಣುಗಳು ಮಾತ್ರ ನಕ್ಕೇಬಿಟ್ಟವು.

1988ರ ಯುಗಾದಿ, ಸಿಡ್ನಿಯ ಒಂದು ಶಾಲೆಯ ಹಾಲ್. ಮೆಲ್ಬರ್ನಿನಲ್ಲಿ ಕಲೆಯ ಇತಿಹಾಸ ಕಲಿಸುತ್ತಿದ್ದ ಅಹಲ್ಯಾ ಕನ್ನಡ ಸಂಘದ ಅತಿಥಿ. ಎಂಜಿನಿಯರ್ ಆದ ತಪ್ಪಿಗೆ ಪ್ರೊಜೆಕ್ಟರ್ ಬದರಿಯ ಕೊರಳಿಗೆ ಬಿದ್ದಿತ್ತು.

ಊಟದ ಸಾಲಿನಲ್ಲಿ ಅವನೇ ಕೆಣಕಿದ. “ಸ್ಕೇಲ್ ಕೊಟ್ರೆ ನಾನೂ ಬರೀತೀನಿ ಬಿಡಿ.”

“1915ರಲ್ಲಿ ಬರೀಬೇಕಿತ್ತು! ಆಗೆಲ್ಲ ಚಿತ್ರ ಅಂದ್ರೆ ಮರದ್ದೋ ಮನುಷ್ಯರದ್ದೋ ಆಗಿರ್ಬೇಕು. ಈ ರಷ್ಯಾದವನು, ಯಾವುದರದ್ದೂ ಆಗ್ಬೇಕಿಲ್ಲ, ಚಿತ್ರ ಚಿತ್ರವಾಗಿದ್ರೆ ಸಾಕು ಅಂದ. ಅದನ್ನ ಎಲ್ಲಿ ನೇತುಹಾಕಿದ ಗೊತ್ತಾ? ಅವರ ಮನೆಗಳಲ್ಲಿ ದೇವರ ಪಟ ಇಡೋ ಮೂಲೇಲಿ. ಆಮೇಲೆ ಆರ್ಟ್ ಮೊದಲಿನ ಹಾಗೆ ಇರ್ಲೇ ಇಲ್ಲ.”

ಬದರಿಗೆ ಅರ್ಧ ಅರ್ಥವಾಯಿತು. ಉಳಿದರ್ಧಕ್ಕೆ ಕಾಗದ ಬರೆಯಬಹುದೇ ಎಂದು ಕೇಳಿದ.

ಕಾಗದದ ಬೆನ್ನಿಗೆ ಫೋನ್, ಫೋನಿನ ಬೆನ್ನಿಗೆ ರಾತ್ರಿಯಿಡೀ ರೈಲು. ಅವನ ಹುಟ್ಟುಹಬ್ಬಕ್ಕೆ ಅಹಲ್ಯಾ ತಾನೇ ಆ ಚೌಕವನ್ನು ನಕಲು ಮಾಡಿ ತಂದುಕೊಟ್ಟಳು. ಬದರಿ ಅದನ್ನು ತನ್ನ ಫ್ಲ್ಯಾಟಿನ ದೇವರ ಗೂಡಿನ ಮೇಲೆ, ಮೂಲೆಗೇ ಹಾಕಿದ.

“ಅಬ್ಬಾ, ಧೈರ್ಯವೇ! ಇಲ್ಲೇ ಇರುತ್ತಾ?”

“ನಾನಿರೋವರೆಗೂ.”

ಅಹಲ್ಯಾ ಅವನ ಕಿವಿ ಹಿಂಡಿ, ಅದೇ ಕಿವಿಯಲ್ಲಿ ಏನೋ ಹೇಳಿದಳು. ಬದರಿ ಕೆಂಪಾದ.

1990ರಲ್ಲಿ ಮೈಸೂರಿನಿಂದ ಅವನ ತಾಯಿ ಜಯಲಕ್ಷ್ಮಿ ಬಂದರು. ಮದುವೆಯ ಮಾತನ್ನು ಅಮ್ಮನಿಗೆ ಬದರಿ ಹೇಳಬೇಕು, ಹೇಳುವಾಗ ಅಹಲ್ಯಾ ಜೊತೆಗಿರಬೇಕು ಎಂದು ಇಬ್ಬರಲ್ಲೂ ಒಪ್ಪಂದವಾಗಿತ್ತು. ಅವಳು ಅದಕ್ಕೆಂದೇ ರೇಷ್ಮೆ ಸೀರೆಯುಟ್ಟು ಬಂದಳು.

ಅಮ್ಮ ದೀಪ ಹಚ್ಚಲು ಹೋಗಿ ತಲೆಯೆತ್ತಿದರು. “ದೇವರ ನೆತ್ತಿ ಮೇಲೆ ಇದೇನೋ ಕರೀದು? ಯಾರು ಕೊಟ್ಟಿದ್ದು?”

ಅಹಲ್ಯಾ ಅವನನ್ನೇ ನೋಡಿದಳು. ಮಾತು ತೆಗೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಬದರಿ ಅಮ್ಮನ ಕಡೆ ತಿರುಗಿದ.

“ಆಫೀಸಲ್ಲಿ ಯಾರೋ ಕೊಟ್ರಮ್ಮ,” ಎಂದು ಕುರ್ಚಿ ಹತ್ತಿ ಚಿತ್ರ ಇಳಿಸಿದ. “ಇವರು ಅಹಲ್ಯಾ, ಮೆಲ್ಬರ್ನಿನವರು. ಕನ್ನಡ ಸಂಘದ ಪರಿಚಯ.”

ಅಹಲ್ಯಾ ಕಾಫಿ ಕುಡಿದಳು. ಅಮ್ಮ ಕೊಟ್ಟ ಕುಂಕುಮವಿಟ್ಟುಕೊಂಡು, ಹೇಳಿ ಹೊರಟಳು. ಫೋನ್ ಮಾಡಬೇಕೆಂದು ಬದರಿ ಎಷ್ಟೋ ಸಲ ಎದ್ದ, ಎದ್ದಷ್ಟೇ ಸಲ ಕೂತ. ನಾಚಿಕೆ ಅವನ ಕೈ ಹಿಡಿದಿತ್ತು.

ಐದು ವರ್ಷದ ಮೇಲೆ ಎರಡನೆಯ ಸಲ ಬಂದ ಅಮ್ಮ ಸೊಪ್ಪು ಬಿಡಿಸುತ್ತಾ ಕೇಳಿದರು. “ಆ ಮೆಲ್ಬರ್ನ್ ಹುಡುಗಿ ಏನಾದ್ಲೋ? ಅವಳನ್ನ ನೋಡಿದ ಕೂಡ್ಲೇ ನಂಗೆ ಗೊತ್ತಾಗಿತ್ತು. ನೀನೇ ಬಾಯಿ ಬಿಟ್ರೆ ಹೂಂ ಅನ್ನೋಣ ಅಂತ ಕಾದೆ.”

ಮರುವಾರವೇ ಅವನು ಮೆಲ್ಬರ್ನಿನ ಬಾಕ್ಸ್ ಹಿಲ್‌ನ ಒಂದು ಕೆಫೆಯಲ್ಲಿ ಅಹಲ್ಯಾಳ ಎದುರು ಕೂತಿದ್ದ. ಅವಳಿಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಅಮ್ಮ ಅಂದದ್ದನ್ನೆಲ್ಲ ಬದರಿ ಒಪ್ಪಿಸಿದ. “ತಪ್ಪಾಯ್ತು ಅಹಲ್ಯಾ. ಅಮ್ಮ ಬೇಡ ಅಂತಾರೆ ಅಂದ್ಕೊಂಡಿದ್ದೆ.”

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

“ಬೇಡ ಅಂದಿದ್ರೂ ನಾನು ನಿನ್ ಜೊತೆ ನಿಲ್ತಿದ್ದೆ ಕಣೋ. ಅವತ್ತು ನಾನು ಅವರ ಒಪ್ಪಿಗೆಗೆ ಕಾಯ್ತಿರ್ಲಿಲ್ಲ, ಬದರಿ. ನಿನ್ನ ಮಾತಿಗೆ ಕಾಯ್ತಿದ್ದೆ.”