ಲೆಕ್ಕ ಮುಗಿಸುವ ಮೊದಲು

"ನನ್ನ ಲೆಕ್ಕ ಮುಗಿಸಿ ಕೊಡ್ತೀರಾ?"

ಕಮಲಾವತಿ ತಲೆ ಎತ್ತಲಿಲ್ಲ. ಆ ದನಿ ಯಾರದೆಂದು ಅವಳಿಗೆ ಗೊತ್ತು. ತಿಂಗಳಿಂದ ಮಾತು ಬಿಟ್ಟಿದ್ದ ರಾಧಾಕೃಷ್ಣ, ರಬ್ಬರ್ ತೋಟದ ಮೇಸ್ತ್ರಿ, ಇಂದು ಎದುರು ನಿಂತಿದ್ದ.

"ಕೂತ್ಕೊಳ್ಳಿ."

೧೯೮೭ರಲ್ಲಿ ಪುತ್ತೂರಿನ ಆ ತೋಟದ ಆಫೀಸಿಗೆ ಕಂಪ್ಯೂಟರ್ ಬಂದಾಗ ಗುಮಾಸ್ತರೆಲ್ಲ ದೂರ ಸರಿದಿದ್ದರು. ಮಂಗಳೂರಿಗೆ ಹೋಗಿ ಕಲಿತು ಬಂದವಳು ಕಮಲಾವತಿ ಒಬ್ಬಳೇ. ಎಲ್ಲರ ಸಂಬಳ ಈಗ ಅವಳ ಬೆರಳ ತುದಿಯಲ್ಲಿತ್ತು.

ಬಾಕಿ ಸಂಬಳ, ರಜೆಯ ಹಣ, ಬೋನಸ್ಸು... ಹಸಿರು ಅಕ್ಷರಗಳು ಒಂದೊಂದಾಗಿ ಮೂಡಿದವು. ಕೊನೆಗೆ ಯಂತ್ರ ನಿಂತಿತು. ಕೆಲಸ ಬಿಡುವ ಕಾರಣ ತುಂಬದೆ ಅದು ಮುಂದೆ ಹೋಗುವುದಿಲ್ಲ. ತುಂಬಿದರೆ ಅವನ ಹೆಸರು ಪಟ್ಟಿಯಿಂದ ಹೋಗುತ್ತದೆ.

'ಹೆಣ್ಣು ಕೇಳ್ಲಿಕ್ಕೆ ಮನೆಯವರನ್ನು ಕರ್ಕೊಂಡು ಬರ್ತೇನೆ' ಅಂದವನು ಇವನೇ ಅಲ್ಲವೇ? ಬೇಡ... ನಾನಾಗಿ ಕೇಳಲಾರೆ.

"ಕಾರಣ?"

"ಸ್ವಂತ ಕಾರಣ ಅಂತ ಹಾಕಿ."

"ಯಂತ್ರಕ್ಕೆ ಅಷ್ಟು ಸಾಕು," ಕಮಲಾವತಿ ಈಗ ಅವನನ್ನು ನೇರ ನೋಡಿದಳು. "ನನಗೆ ಸಾಲುದಿಲ್ಲ."

ಅವನು ಕಿಟಕಿಯ ಕಡೆ ತಿರುಗಿದ.

"ಅಮ್ಮ ನಿಮ್ಮ ಕುಲ, ಬರಿ ಎಲ್ಲ ವಿಚಾರಿಸಿದ್ರು. ನಿಮ್ಮ ಅಪ್ಪಯ್ಯ ದೇರಣ್ಣ ಗೌಡ್ರದ್ದು ನಂದರ ಬರಿ. ನಮ್ಮದೂ ಅದೇ. ಒಂದೇ ಬರಿಯವರು ಅಣ್ಣ ತಂಗಿ ಲೆಕ್ಕ... ದಿನಾ ನಿಮ್ಮ ಮುಖ ನೋಡಿಕೊಂಡು ಇಲ್ಲಿ ಹೇಗೆ ಇರುದು?"

ಕಮಲಾವತಿಯ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು.

"ದೇರಣ್ಣ ಗೌಡ್ರು ನನ್ನ ಅಮ್ಮನ ಅಣ್ಣ."

"ನೀವು ಅಪ್ಪಯ್ಯ ಅಂತೀರಲ್ಲ?"

"ಸಾಕಿದವರನ್ನು ಮತ್ತೆಂತ ಕರೀಬೇಕು? ಹುಟ್ಟಿಸಿದವರು ಪಂಜದ ಮಾಯಿಲಪ್ಪ. ನನಗೆ ನಡೆಯಲು ಬರುವ ಮೊದಲೇ ತೀರಿಹೋದ್ರು. ತಂದೆಯದ್ದೇ ಬರಿ ಮಕ್ಕಳಿಗೆ. ನಮ್ಮದು ಬಂಗಾರು ಬರಿ."

ಅವನ ಮುಖಕ್ಕೆ ಕಳೆ ಮರಳಿ ಬಂತು. "ಅಯ್ಯೋ ಮಾರಾಯ್ತಿ... ಒಂದು ಮಾತು ಹೇಳಬಾರದಿತ್ತಾ?"

"ಒಂದು ಮಾತು ಕೇಳಬಾರದಿತ್ತಾ? ಊರೆಲ್ಲ ವಿಚಾರಿಸಿದ್ರಿ, ನನ್ನನ್ನು ಬಿಟ್ಟು."

ಅವನು ಕಿಟಕಿಯಿಂದ ಇತ್ತ ತಿರುಗಿದ. ಮೆಲ್ಲಗೆ ಅಂದ, "ತಪ್ಪಾಯ್ತು. ರಾಜೀನಾಮೆ ವಾಪಸು ತಗೊಳ್ತೇನೆ."

"ಬೇಡ."

ಅವಳು ಕಾರಣ ತುಂಬಿ ಗುಂಡಿ ಒತ್ತಿಯೇಬಿಟ್ಟಳು. ಮುದ್ರಣಯಂತ್ರ ಕರಕರ ಸದ್ದು ಮಾಡಿತು. ಅವನ ಕಣ್ಣಲ್ಲಿ ಗಾಬರಿ.

"ನೆಲ್ಯಾಡಿಯ ತೋಟದಲ್ಲಿ ನಿಮಗೆ ಮ್ಯಾನೇಜರ್ ಕೆಲಸ ಸಿಕ್ಕಿದೆಯಂತೆ. ಹೋಗಿ ಸೇರಿ. ನನ್ನ ಸಲುವಾಗಿ ಮೇಸ್ತ್ರಿಯಾಗಿ ಉಳಿದ ಅಂತ ಯಾರೂ ಹೇಳಬಾರದು. ಆಮೇಲೆ ಹಿರಿಯರನ್ನು ಕರ್ಕೊಂಡು ಬನ್ನಿ."

"ಬಂದ್ರೆ... ಒಪ್ತೀರಾ?"

"ಒಂದು ಮಾತು ಉಂಟು. ಮದುವೆ ಆದ್ರೂ ಈ ಕುರ್ಚಿ ನಾನು ಬಿಡುದಿಲ್ಲ."

ಅವನು ನಕ್ಕ. "ಬಿಡಿ ಅಂತ ಯಾರು ಹೇಳಿದ್ರು? ನಮ್ಮ ಮನೆಯ ಸೊಸೆ ಕಂಪ್ಯೂಟರ್ ನಡೆಸುದು ಅಂತ ಅಮ್ಮ ನಮ್ಮೂರು ಇಚಿಲಂಪಾಡಿ ಇಡೀ ಹೇಳಿಕೊಂಡು ಬರ್ತಾರೆ. ಆದ್ರೆ ಇಲ್ಲಿಗೆ ಬರ್ಲಿಕ್ಕೆ ನೆಲ್ಯಾಡಿಯಿಂದ ಬೆಳಿಗ್ಗೆ ಬೇಗ ಹೊರಡ್ಬೇಕು. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸ್ಬೇಕು. ಸೀಟು ಸಿಗುದಿಲ್ಲ."

"ನಿಂತು ಬರ್ತೇನೆ."

"ಉಪ್ಪಿನಂಗಡಿವರೆಗೆ ನಾನೂ ಬರ್ತೇನೆ. ನಿಂತುಕೊಂಡೇ."

ಕಮಲಾವತಿ ಕಾಗದ ಹರಿದು ಅವನ ಮುಂದಿಟ್ಟಳು. ತಡೆದರೂ ನಗು ತುಟಿಗೆ ಬಂದೇಬಿಟ್ಟಿತು.

"ಮೊದಲು ಸಹಿ ಹಾಕಿ, ಮ್ಯಾನೇಜರ್ರೇ."